ನಷ್ಟ ಯಾರ ತಲೆಗೆ?

ಹೊಂಗಡಹಳ್ಳದ ಕಡೆ ಮಳೆ ಹಿಡಿದರೆ ಬಿಡೋದಿಲ್ಲ. ಕಾಫಿ ಉದುರುತ್ತದೆ, ಮೆಣಸಿನ ಬಳ್ಳಿ ಕೊಳೆಯುತ್ತದೆ, ಆನೆ ಬಂದು ಗದ್ದೆ ತುಳಿಯುತ್ತದೆ. ಬಡ್ಡಿ ಮಾತ್ರ ಉದುರೋದಿಲ್ಲ, ಕೊಳೆಯೋದಿಲ್ಲ. ಅದನ್ನು ಯಾವ ಆನೆಯೂ ತುಳಿಯೋದಿಲ್ಲ.

ನಮ್ಮಪ್ಪ ತೋಟದ ಮುಂಗಡ ತೀರಿಸುತ್ತಲೇ ಮುದುಕನಾದ. ಮಳೆಗೆ ಕೆಲಸ ನಿಂತ ದಿನ ಕೂಲಿ ಇಲ್ಲ. ಆ ದಿನದ ಬಡ್ಡಿ ಮಾತ್ರ ಉಂಟು. "ನಾವು ಮಲಗಿದ್ರೂ ಅದು ಮಲಗಲ್ಲ ಕಣೋ ಮಗ" ಅನ್ನುತ್ತಿದ್ದಳು ಅವ್ವ. 1976ರಲ್ಲಿ ಜೀತ ರದ್ದಿನ ಕಾನೂನು ಬಂತು. ಅದೇ ವರ್ಷ ದೇವರಾಜ ಅರಸು ಸರ್ಕಾರ ಬಡವರ ಸಾಲಕ್ಕೆ ಪರಿಹಾರದ ಕಾನೂನನ್ನೂ ಮಾಡಿತು. ಜೀತವೆಂದರೆ ಮತ್ತೇನು? ತೀರದ ಸಾಲಕ್ಕೆ ಮೈಯನ್ನೇ ಬಡ್ಡಿಯಾಗಿ ಕಟ್ಟುವುದು.

ಕಾಲೇಜಿನಲ್ಲಿ ಮುಸ್ಲಿಂ ಗೆಳೆಯನೊಬ್ಬ ಅಂದ: "ಬಡ್ಡಿ ತಿನ್ನೋದು ನಮ್ಮಲ್ಲಿ ಹರಾಮ್ ಕಣೋ, ಕಟ್ಟೋದೂ ತಪ್ಪೇ." ಅಲ್ಲಿಂದ ಓದತೊಡಗಿದೆ. ಖುರಾನು ವ್ಯಾಪಾರವನ್ನು ಒಪ್ಪುತ್ತದೆ. 'ರಿಬಾ' ಎಂಬ ಬಡ್ಡಿಯನ್ನು ನಿಷೇಧಿಸುತ್ತದೆ. ಸಾಲಗಾರ ಕಷ್ಟದಲ್ಲಿದ್ದರೆ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎನ್ನುತ್ತದೆ. 'ಕರ್ಜೆ ಹಸನ' ಎಂದರೆ ಕೊಟ್ಟಷ್ಟನ್ನೇ ವಾಪಸು ಪಡೆಯುವ ಸಾಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 'ಮುದಾರಬ'. ಒಬ್ಬನ ದುಡ್ಡು, ಇನ್ನೊಬ್ಬನ ದುಡಿಮೆ. ಲಾಭ ಬಂದರೆ ಮೊದಲೇ ಮಾತಾಡಿಕೊಂಡ ಪಾಲು. ದುಡಿದವನ ತಪ್ಪಿಲ್ಲದೆ ನಷ್ಟವಾದರೆ ದುಡ್ಡು ಹಾಕಿದವನ ದುಡ್ಡು ಹೋಯಿತು, ದುಡಿದವನ ಬೆವರು ಹೋಯಿತು. ಅಷ್ಟೇ, ಅವನ ತಲೆ ಮೇಲೆ ಸಾಲ ಉಳಿಯೋದಿಲ್ಲ. ಬೆವರು ಹೋದದ್ದೂ ನಷ್ಟವೇ ಎಂದು ಲೆಕ್ಕ ಹಿಡಿದ ಪುಸ್ತಕವನ್ನು ನಾನು ನಮ್ಮ ತೋಟಗಳಲ್ಲಿ ಕಂಡಿಲ್ಲ. 1963ರಲ್ಲಿ ಈಜಿಪ್ಟಿನ ಮಿತ್ ಘಮ್ರ್ ಎಂಬಲ್ಲಿ ಅಹ್ಮದ್ ಅಲ್ ನಜ್ಜಾರ್ ಹಳ್ಳಿಯ ಜನರಿಗಾಗಿ ಬಡ್ಡಿಯಿಲ್ಲದ ಉಳಿತಾಯ ಬ್ಯಾಂಕು ನಡೆಸಿ ತೋರಿಸಿದರು.

ಹಾಗಂತ ಮರುಳಾಗುವುದು ಬೇಡ. 'ಮುರಾಬಹ'ದಲ್ಲಿ ಬ್ಯಾಂಕೇ ಸರಕು ಕೊಂಡು, ಲಾಭ ಸೇರಿಸಿ, ಕಂತಿನ ಮೇಲೆ ಮಾರುತ್ತದೆ. ಇದು ವ್ಯಾಪಾರ, ಬಡ್ಡಿಯಲ್ಲ ಅನ್ನುತ್ತಾರೆ. ಕಟ್ಟುವವಳಿಗೆ ಕಂತು ಕಂತೇ. 2019ರಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ 'ಹಲಾಲ್' ಎಂಬ ಮಾತು ನಂಬಿದ ಸಾವಿರಾರು ಜನರ ದುಡ್ಡು ಮುಳುಗಿತು. ಮುಳುಗಿದವರಲ್ಲಿ ಹೆಚ್ಚಿನವರು ಮುಸ್ಲಿಮರೇ. ಧರ್ಮದ ಹೆಸರು ನಷ್ಟವನ್ನು ಹಂಚಿಕೊಳ್ಳಲಿಲ್ಲ.

ನಮ್ಮ ಕೇರಿಗೆ ಈಗ ಕಿರುಸಾಲದ ಸಂಘ ಬಂದಿದೆ. ಒಬ್ಬಳ ಕಂತು ತಪ್ಪಿದರೆ ಉಳಿದ ಹೆಂಗಸರು ಕಟ್ಟಬೇಕು. ನಷ್ಟ ಹಂಚಿಕೊಳ್ಳುವುದು ಇಲ್ಲೂ ಉಂಟು, ಆದರೆ ಬಡವರು ಬಡವರ ನಡುವೆ ಮಾತ್ರ! ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಡ್ಡಿಯಿಲ್ಲದ ಬ್ಯಾಂಕಿನ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿಬಿಟ್ಟಿತ್ತು.

ಆದ್ದರಿಂದ ಗೆಳೆಯರೇ, ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಮೇಲೆ ಬರೆದ ಹೆಸರು ನೋಡಬೇಡಿ, ದೇವರದಾಗಲಿ, ಸರ್ಕಾರದ್ದಾಗಲಿ. ಒಂದೇ ಮಾತು ಕೇಳಿ: ಮಳೆ ಬೆಳೆಯನ್ನು ತಿಂದ ವರ್ಷ, ದುಡ್ಡು ಕೊಟ್ಟವನೂ ನಮ್ಮ ಜೊತೆ ಅರೆಹೊಟ್ಟೆ ಮಲಗುತ್ತಾನೋ?

ಇಲ್ಲವೆಂದಾದರೆ ಅದು ಸಾಲವಲ್ಲ, ಹಗ್ಗ.