ಘಂಟಾಗೋಪುರದ ಉಪಾಸನೆ
ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿನ ಗೋಪುರದ ಘಂಟೆಗಳನ್ನು ಬಾರಿಸುವವರದೇ ಒಂದು ಸಂಘವಿರುವುದುಂಟು. ವಾರಕ್ಕೊಂದು ಸಂಜೆ ರೈತನೂ ಉಪಾಧ್ಯಾಯಿನಿಯೂ ಶಾಲಾಬಾಲಕನೂ ಅಲ್ಲಿ ಕಲೆತು, ಒಬ್ಬೊಬ್ಬರು ಒಂದೊಂದು ಹಗ್ಗವನ್ನು ಹಿಡಿದು, ರಾಗವನ್ನಲ್ಲ, ಘಂಟೆಗಳ ಕ್ರಮಪಲ್ಲಟವನ್ನೇ ನುಡಿಸುವರು. ಏಳು ಘಂಟೆಗಳಿಗೆ ಸಾಧ್ಯವಾದ 5040 ಕ್ರಮಗಳನ್ನು, ಒಂದೂ ಮರುಕಳಿಸದಂತೆ, ನೆನಪಿನಿಂದಲೇ ನುಡಿಸಿ ಮುಗಿಸಲು ಸುಮಾರು ಮೂರು ಗಂಟೆಗಳ ಕಾಲ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಒಬ್ಬನ ಚಿತ್ತ ಚಂಚಲವಾದರೂ ಎಲ್ಲರ ಶ್ರಮವೂ ವ್ಯರ್ಥವಾದೀತು. ಇವರಲ್ಲಿ ದೇವರನ್ನು ನಂಬದವರೂ ಉಂಟು; ಭಕ್ತರನ್ನು ಪ್ರಾರ್ಥನೆಗೆ ಕರೆದು ತಾವು ಮನೆಗೆ ತೆರಳುವರು. ನಂಬಿಕೆಯಿಲ್ಲದ ಈ ಸೇವೆ ಧರ್ಮವೆನಿಸೀತೆ? ನನಗಾದರೋ, ತನ್ನ ಘಂಟೆಯೇ ಮಿಗಿಲಾಗಿ ಕೇಳಿಸಬೇಕೆಂಬ ಆಸೆಯನ್ನು ತೊರೆದು, ನೆರೆಯವನ ನಾದಕ್ಕೆ ಕಿವಿಗೊಟ್ಟು ತನ್ನ ಸರದಿಗಾಗಿ ಕಾಯುವ ಆ ಏಕಾಗ್ರತೆಯು, ಅಹಂಕಾರವನ್ನು ಕರಗಿಸುವಷ್ಟರ ಮಟ್ಟಿಗೆ, ಉಪಾಸನೆಯೇ ಸರಿ. ಅಂಥವರನ್ನು ಗೋಪುರದ ಬಾಗಿಲಲ್ಲಿ ತಡೆದು ಶ್ರದ್ಧೆಗೆ ಪ್ರಮಾಣ ಕೇಳುವುದು ಸಲ್ಲದು.