ಯಾವ ಫಲವನ್ನು ಬಿಡಬೇಕು?

ಫಲದ ಆಸೆ ಬಿಟ್ಟು ಕೆಲಸ ಮಾಡಬೇಕು ಎಂಬ ಗೀತೆಯ ಉಪದೇಶವನ್ನು ಕೇಳದವರು ನಮ್ಮಲ್ಲಿ ಕಡಿಮೆ. ಹರಿಕಥೆಯಲ್ಲಿ ಕೇಳಿರುತ್ತೇವೆ, ಕ್ಯಾಲೆಂಡರಿನಲ್ಲಿ ಓದಿರುತ್ತೇವೆ, ಪರೀಕ್ಷೆಯಲ್ಲಿ ಫೇಲಾದ ಮಗುವಿಗೆ ಸಮಾಧಾನಕ್ಕೆಂದು ಹೇಳಿಯೂ ಇರುತ್ತೇವೆ. ಆದರೆ ನಮ್ಮ ಕೆಲಸ ಕೆಟ್ಟರೆ ಇನ್ನೊಬ್ಬರ ಮನೆಗೆ ಬೆಂಕಿ ಬೀಳುವಂತಿದ್ದಾಗ ಈ ಮಾತಿನ ಅರ್ಥವೇನು? ಫಲವನ್ನು ಬಿಡು ಎಂದರೆ ಪರಿಣಾಮದ ಚಿಂತೆಯನ್ನೂ ಬಿಡು ಎಂದೇ? ನಾನು ತುಮಕೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಲ್ಯಾಬಿನ ಮೇಜಿನ ಬಳಿ, ಪುಟ್ಟ ವಿಮಾನ ಹಾರಿಸುವ ಹುಡುಗರು ರಿಪೇರಿಗೆ ತಂದಿಡುವ ಲಿಥಿಯಂ ಪಾಲಿಮರ್ ಬ್ಯಾಟರಿಗಳ ಮುಂದೆ.

ಹುಡುಗರು ಅದನ್ನು ಲಿಪೋ ಅನ್ನುತ್ತಾರೆ. ಅಂಗೈಯಲ್ಲಿ ಹಿಡಿಸುವ ಪ್ಯಾಕ್. ಒಳಗೆ ಮೂರು ಸೆಲ್. ಪೂರ್ತಿ ಚಾರ್ಜ್ ಆದಾಗ ಒಂದೊಂದರಲ್ಲಿ 4.2 ವೋಲ್ಟ್, ಒಟ್ಟು 12.6. ಮೋಟಾರಿಗೆ ಹೋಗಲು ದಪ್ಪನೆಯ ಕೆಂಪು, ಕಪ್ಪು ವೈರು. ಚಾರ್ಜರಿಗೆ ಪ್ರತಿ ಸೆಲ್‌ನ ಲೆಕ್ಕ ತಿಳಿಸಲು ನಾಲ್ಕು ಸಣ್ಣ ವೈರುಗಳ ಬ್ಯಾಲೆನ್ಸ್ ಪ್ಲಗ್. ಮೇಲೆ 2200 ಎಂಎಎಚ್, 25ಸಿ ಎಂದು ಬರೆದಿದ್ದರೆ 55 ಆಂಪಿಯರ್ ಕರೆಂಟು ಕೊಡಬಲ್ಲದು ಎಂದರ್ಥ. ಇದಕ್ಕೆ ಆಫ್ ಮಾಡುವ ಸ್ವಿಚ್ ಇಲ್ಲ. ಮನೆಯ ವೈರಿಂಗ್ ಮುಟ್ಟುವ ಮುಂಚೆ ಮೇನ್ ತೆಗೆಯಬಹುದು. ಲಿಪೋ ಪ್ಯಾಕನ್ನು ಮಾತ್ರ ಯಾವಾಗಲೂ ಕರೆಂಟು ಇದ್ದಂತೆಯೇ ಮುಟ್ಟಬೇಕು. ಕೆಂಪು, ಕಪ್ಪು ವೈರುಗಳನ್ನು ಒಂದೇ ಏಟಿಗೆ ಕತ್ತರಿಸಿದರೆ ಕಟ್ಟರಿನ ಅಲಗೇ ಎರಡನ್ನೂ ಶಾರ್ಟ್ ಮಾಡಿಬಿಡುತ್ತದೆ. ಪ್ಲಗ್ ಹಿಡಿದು ಬಿಚ್ಚುವ ಬದಲು ವೈರ್ ಹಿಡಿದು ಎಳೆಯುವುದು ಹುಡುಗರ ಅಭ್ಯಾಸ. ಹಾಗಾಗಿ ಬುಡದಲ್ಲಿ ವೈರು ಸಡಿಲವಾಗುತ್ತದೆ.

ಹೋದ ಮಳೆಗಾಲದಲ್ಲಿ ಎರಡನೇ ವರ್ಷದ ಹುಡುಗನೊಬ್ಬ ಎರಡು ಪ್ಯಾಕ್ ತಂದ. “ಎರಡ್ರಲ್ಲೂ ವೈರ್ ಲೂಸಾಗಿದೆ ಅಷ್ಟೇ ಮೇಡಂ. ಸೋಲ್ಡರ್ ಮಾಡ್ಕೊಟ್ರೆ ಸಾಕು, ಭಾನುವಾರ ಹಾರಿಸ್ಬೇಕು” ಅಂದ. ಮೀಟರ್ ಹಿಡಿದೆ. ಮೊದಲನೆಯದರ ಮೂರು ಸೆಲ್ಲೂ 3.8ರ ಆಸುಪಾಸಿನಲ್ಲಿ ಸಮನಾಗಿದ್ದವು. ಎರಡನೆಯದರಲ್ಲಿ ಎರಡು ಸರಿ, ಮೂರನೆಯದು 3.4ಕ್ಕೆ ಇಳಿದಿತ್ತು. ಮೇಜಿನ ಮೇಲಿಟ್ಟರೆ ಮಟ್ಟಸವಾಗಿ ಕೂರಲಿಲ್ಲ, ಹೊಟ್ಟೆ ಉಬ್ಬಿತ್ತು. “ಮೊದ್ಲಿಂದ್ಲೂ ಹಾಗೇ ಇತ್ತು ಮೇಡಂ” ಅಂದ ಹುಡುಗ.

ಅವನು ಸುಳ್ಳು ಹೇಳಲಿಲ್ಲ. ಹೊಸ ಪ್ಯಾಕಿನ ಬೆಲೆ, ಭಾನುವಾರದ ಆಸೆ ಎರಡೂ ಅವನ ಕಣ್ಣಿಗೂ ಬ್ಯಾಟರಿಗೂ ನಡುವೆ ಬಂದು ನಿಂತಿದ್ದವು. ಫಲದ ಆಸೆಯನ್ನು ಬಿಡಬೇಕು ಎಂಬುದಕ್ಕೆ ನಾನು ಕಂಡುಕೊಂಡ ಮೊದಲ ಕಾರಣ ಇದು. ಆಸೆ ಪಾಪವಾಗುವ ಮುಂಚೆ ಕಣ್ಣಿನ ಪೊರೆಯಾಗುತ್ತದೆ. ಇದು ಉಳಿಯಲೇಬೇಕು ಎಂದು ಹಟ ಹಿಡಿದವನಿಗೆ ಉಬ್ಬು ಕಾಣುವುದಿಲ್ಲ, ಮೀಟರಿನ ಅಂಕಿಗೂ ಏನಾದರೊಂದು ನೆಪ ಸಿಗುತ್ತದೆ. ಉಳಿದರೂ ಸರಿ, ಹೋದರೂ ಸರಿ ಎಂದು ಕೂತವನಿಗೆ ಮಾತ್ರ ಬ್ಯಾಟರಿ ಇದ್ದಂತೆ ಕಾಣುತ್ತದೆ.

ಮೊದಲನೆಯ ಪ್ಯಾಕನ್ನು ಅವನ ಎದುರಿಗೇ ರಿಪೇರಿ ಮಾಡಿದೆ. ಕಪ್ಪು ವೈರು ಹಳದಿ ಪ್ಲಗ್ಗಿಗೆ ಸೇರುವ ಬಟ್ಟಲಿನಲ್ಲಿ ಹಳೆಯ ಬೆಸುಗೆ ಮಂಕಾಗಿ, ಮರಳು ಮರಳಾಗಿತ್ತು. ಸುತ್ತ ಉಂಗುರದಂತೆ ಸಣ್ಣ ಬಿರುಕು. ಡ್ರೈ ಸೋಲ್ಡರ್. ಇಂಥ ಜೋಡಣೆಯಲ್ಲಿ ನೂರರಲ್ಲಿ ಒಂದು ಓಮ್‌ನಷ್ಟು ರೋಧ ಸೇರಿಕೊಂಡರೂ 40 ಆಂಪಿಯರ್ ಹರಿಯುವಾಗ ಅಲ್ಲಿ 16 ವ್ಯಾಟ್ ಶಾಖ ಹುಟ್ಟುತ್ತದೆ. ನಮ್ಮ ಲ್ಯಾಬಿನ ಸಣ್ಣ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದು. ಕೆಂಪು ವೈರಿನ ಕಡೆಗೆ ಶಾಖ ತಡೆಯುವ ಕ್ಯಾಪ್ಟನ್ ಟೇಪು ಸುತ್ತಿದೆ. ಒಂದು ಸಲಕ್ಕೆ ಒಂದೇ ವೈರು. ಪ್ಲಗ್ಗಿಗೆ ಖಾಲಿ ಜೋಡಿ ಪ್ಲಗ್ ಸಿಕ್ಕಿಸಿದೆ, ಇಲ್ಲದಿದ್ದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನು ವಾಲುತ್ತದೆ. ಬಿಸಿಗೆ ಕುಗ್ಗುವ ಸ್ಲೀವನ್ನು ಮೊದಲೇ ವೈರಿಗೆ ಏರಿಸಿ ದೂರ ಸರಿಸಿದೆ. ಫ್ಲಕ್ಸ್ ಹಚ್ಚಿ ಬಟ್ಟಲನ್ನು ಕಾಯಿಸಿದಾಗ ಹೊಸ ಬೆಸುಗೆ ತಾನಾಗಿ ಎಳೆಎಳೆಯೊಳಗೆ ಇಳಿಯಿತು. 183 ಡಿಗ್ರಿಗೆ ಕರಗುವ ಬೆಸುಗೆ ಅದು. ಗಟ್ಟಿಯಾಗುವ ತನಕ ಕೈ ಅಲುಗಬಾರದು. ಆರಿದ ಮೇಲೆ ಹೊಳೆಯಿತು. ಎಳೆದು ನೋಡಿ, ಮೀಟರಿನಲ್ಲಿ ಪ್ಲಸ್ಸು ಮೈನಸ್ಸು ಸರಿಯಿದೆಯೇ ಎಂದು ನೋಡಿ, ಸ್ಲೀವ್ ಇಳಿಸಿ ಬಿಸಿಗಾಳಿ ಕೊಟ್ಟೆ.

ಎರಡನೆಯದನ್ನು ಮಾಡಿಕೊಡುವುದಿಲ್ಲ ಎಂದೆ. ಅದರ ವೈರು ಸೆಲ್‌ನ ಬುಡದಲ್ಲೇ ಸಡಿಲವಾಗಿತ್ತು. ಸೆಲ್‌ನ ಪ್ಲಸ್ ಎಲೆ ಅಲ್ಯೂಮಿನಿಯಮ್ಮಿನದು, ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಹಿಡಿಸಲು ಹೋದರೆ ಶಾಖ ನೇರ ಸೆಲ್ಲಿನೊಳಕ್ಕೆ ಇಳಿಯುತ್ತದೆ. ಒಳಗಿನ ಪದರಗಳನ್ನು ಬೇರೆಯಾಗಿಟ್ಟಿರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ, ಅವುಗಳನ್ನು ನೆನೆಸಿರುವುದು ಹೊತ್ತಿಕೊಳ್ಳುವ ದ್ರವ. ಅದೂ ಈಗಾಗಲೇ ಉಬ್ಬಿದ ಪ್ಯಾಕಿನಲ್ಲಿ ಇಂಥ ಪ್ರಯೋಗ ಕೂಡದು.

ಇಲ್ಲಿಗೆ ಪ್ರಶ್ನೆ ಮತ್ತೆ ಬರುತ್ತದೆ. ಇಷ್ಟೆಲ್ಲ ಜಾಗ್ರತೆ ಪರಿಣಾಮದ ಚಿಂತೆಯಿಂದಲೇ ಬಂದದ್ದಲ್ಲವೇ? ಹಾಗಾದರೆ ಫಲತ್ಯಾಗ ಎಲ್ಲಿ ಉಳಿಯಿತು?

ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ವನ್ನು ಕೈಗೆ ಸಿಗುವ ಕಡೆ ಇಟ್ಟುಕೊಂಡ ಮನೆ ನಮ್ಮದು, ಗೀತೆಯನ್ನು ಬದುಕಿಗೆ ಹಚ್ಚಿ ನೋಡುವ ಅಭ್ಯಾಸ ಅಲ್ಲಿಂದ ಬಂತು. ಗೀತೆಯ ಎರಡನೆಯ ಅಧ್ಯಾಯವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಹದಿನೆಂಟನೆಯ ಅಧ್ಯಾಯದ ಇಪ್ಪತ್ತೈದನೆಯ ಶ್ಲೋಕವನ್ನೂ ಅದರ ಜೊತೆಗಿಟ್ಟು ಓದಬೇಕು. ಮುಂದೆ ಏನಾದೀತು, ಏನು ನಷ್ಟವಾದೀತು, ಯಾರಿಗೆ ನೋವಾದೀತು, ಇದು ನನ್ನ ಕೈಲಾದೀತೇ ಎಂಬುದನ್ನು ನೋಡದೆ ಮೋಹದಿಂದ ಶುರುಮಾಡಿದ ಕೆಲಸವನ್ನು ಅಲ್ಲಿ ತಾಮಸ ಎಂದು ಕರೆದಿದೆ. ಫಲವನ್ನು ಬಿಡು ಎಂದ ಗ್ರಂಥವೇ ಪರಿಣಾಮವನ್ನು ನೋಡು ಎನ್ನುತ್ತದೆ. ಎರಡೂ ಸರಿಯಾಗಬೇಕಾದರೆ ಬಿಡಬೇಕಾದ ಫಲ ನನಗೆ ಬರುವ ಫಲ: ಉಳಿಯುವ ದುಡ್ಡು, ಸಿಗುವ ಹೆಸರು, ಭಾನುವಾರದ ಸಂತೋಷ. ಇನ್ನೊಬ್ಬರಿಗೆ ತಟ್ಟುವ ಫಲವನ್ನು ಬಿಡುವ ಹಕ್ಕು ನನಗಿಲ್ಲ.

ಈ ಬ್ಯಾಟರಿಗಳ ಹಿಂದಿನ ವಿಜ್ಞಾನಿ ಜಾನ್ ಗುಡ್‌ಇನಫ್ ಅವರ ಬದುಕಿನಲ್ಲೂ ನನಗೆ ಇದೇ ಕಾಣುತ್ತದೆ. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಬ್ಯಾಟರಿಗೆ ಒದಗಿಸಿತು. 1991ರಲ್ಲಿ ಸೋನಿ ಅದನ್ನು ಬಳಸಿದ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಆ ಶೋಧದ ರಾಯಲ್ಟಿ ಗುಡ್‌ಇನಫ್ ಅವರಿಗೆ ಬರಲಿಲ್ಲ. ಅವರು ಶ್ರದ್ಧೆಯ ಕ್ರೈಸ್ತರು, ತಮ್ಮ ನಂಬಿಕೆಯ ಬಗ್ಗೆ 2008ರಲ್ಲಿ ಒಂದು ಪುಸ್ತಕವನ್ನೇ ಬರೆದರು. 2019ರಲ್ಲಿ, 97ನೆಯ ವಯಸ್ಸಿಗೆ ನೊಬೆಲ್ ಬಂತು. ಅದಕ್ಕೂ ಮುಂಚೆ, 94ನೆಯ ವಯಸ್ಸಿನಲ್ಲಿ, ಹೊತ್ತಿಕೊಳ್ಳುವ ದ್ರವದ ಬದಲು ಗಾಜಿನಂಥ ಘನವಸ್ತು ಬಳಸುವ ಬ್ಯಾಟರಿಯ ಕೆಲಸವನ್ನು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ್ದರು. ತಮಗೆ ಬರಬೇಕಾದ ಲಾಭ ಹೋಯಿತೆಂದು ಅವರು ಕೆಲಸ ಬಿಡಲಿಲ್ಲ; ಬ್ಯಾಟರಿ ಇನ್ನೊಬ್ಬರ ಕೈ ಸುಡದಂತೆ ಮಾಡುವ ದಾರಿಯನ್ನು ಆ ವಯಸ್ಸಿನಲ್ಲೂ ಹುಡುಕುತ್ತಿದ್ದರು.

ನಮ್ಮ ನುಲಿಯ ಚಂದಯ್ಯನವರ ಕಥೆ ಇನ್ನೂ ಕಟುವಾದದ್ದು. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ಜಂಗಮರಿಗೆ ದಾಸೋಹ ಮಾಡುತ್ತಿದ್ದ ಶರಣ ಅವರು. ಹುಲ್ಲು ಕೊಯ್ಯುವಾಗ ಮೈಮೇಲಿನ ಇಷ್ಟಲಿಂಗ ಜಾರಿ ಬಿತ್ತು. ಅವರು ಎತ್ತಿಕೊಳ್ಳದೆ ಕಾಯಕ ಮುಂದುವರಿಸಿದರು, ಲಿಂಗವೇ ಅವರ ಹಿಂದೆ ಬಂತು ಎನ್ನುತ್ತದೆ ಕಥೆ. ಸ್ವಂತ ಪೂಜೆಯ ಪುಣ್ಯ ಕೂಡ ತನಗೆ ಬರುವ ಫಲವೇ ಎಂದು ಅವರಿಗೆ ತೋರಿರಬೇಕು. ಅದು ಕಾಯಬಹುದಿತ್ತು, ಉಣ್ಣಬೇಕಾದವರ ಹಸಿವು ಕಾಯುವಂತಿರಲಿಲ್ಲ.

ಹುಡುಗ ಆಮೇಲೆ, “ಹಾಗಾದ್ರೆ ಇದನ್ನ ಕಸಕ್ಕೆ ಹಾಕ್ಬಿಡ್ತೀನಿ ಮೇಡಂ” ಅಂದ. ಬಿಡುವುದರಲ್ಲೂ ಕರ್ತವ್ಯ ಇದೆ. ಕಸದ ಗಾಡಿಯಲ್ಲಿ ಜಜ್ಜಿಹೋಗಿ ಹೊತ್ತಿಕೊಂಡರೆ ಸುಡುವುದು ಪೌರಕಾರ್ಮಿಕರ ಕೈ. ಬಯಲಿನಲ್ಲಿಟ್ಟು ಒಂದು ಬಲ್ಬಿಗೆ ಜೋಡಿಸಿ ಅದರ ಶಕ್ತಿಯನ್ನೆಲ್ಲ ಇಳಿಸಿದೆವು. ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಲು ಎತ್ತಿಟ್ಟೆವು.

ಎಷ್ಟೇ ಜಾಗ್ರತೆ ಮಾಡಿದರೂ ಕೊನೆಗೆ ಸ್ವಲ್ಪ ಉಳಿದೇ ಉಳಿಯುತ್ತದೆ. ರಿಪೇರಿಯಾದ ಪ್ಯಾಕಿನ ಸೆಲ್ಲಿನೊಳಗೆ ಏನಿದೆಯೋ ನಾನು ನೋಡಲಾರೆ. ವಿಮಾನ ಯಾವ ಬೇಲಿಗೆ ಬಡಿದೀತೋ ತಿಳಿಯಲಾರೆ. ನನ್ನ ಮಟ್ಟಿಗೆ ಫಲತ್ಯಾಗಕ್ಕೆ ಎರಡು ಜಾಗಗಳಿವೆ. ಕೆಲಸಕ್ಕೆ ಕೂರುವ ಮುಂಚೆ ನನ್ನ ಲಾಭವನ್ನು ಬಿಡಬೇಕು, ಆಗ ಕಣ್ಣು ಸರಿಯಾಗುತ್ತದೆ. ಕೆಲಸ ಮುಗಿದ ಮೇಲೆ, ಇನ್ನು ಎಲ್ಲವೂ ನನ್ನ ಕೈಯಲ್ಲಿದೆ ಎಂಬ ಭಾವನೆಯನ್ನು ಬಿಡಬೇಕು, ಆಗ ಮನಸ್ಸು ಸರಿಯಾಗುತ್ತದೆ. ಇವೆರಡರ ನಡುವಿನ ಹೊತ್ತಿನಲ್ಲಿ ಬಿಡುವಂಥದ್ದು ಏನೂ ಇಲ್ಲ. ದೇವರ ಮೇಲೆ ಭಾರ ಹಾಕಿದೆ ಎಂದು ಮೀಟರ್ ಹಿಡಿಯದಿರುವವನು ಭಾರ ಹಾಕಿದ್ದು ಪಕ್ಕದ ಮನೆಯವರ ಮೇಲೆ.

ಆದ್ದರಿಂದ ನಮ್ಮ ಲ್ಯಾಬಿನಲ್ಲಿ ಈಗ ಒಂದು ಪದ್ಧತಿ ಇದೆ. ರಿಪೇರಿಯಾದ ಪ್ರತಿ ಪ್ಯಾಕಿಗೂ ತಾರೀಕು, ಯಾವ ಜೋಡಣೆ ಮಾಡಿದ್ದು, ಆಗ ಸೆಲ್‌ಗಳಲ್ಲಿ ಎಷ್ಟು ವೋಲ್ಟ್ ಇತ್ತು ಎಂದು ಬರೆದು ಚೀಟಿ ಅಂಟಿಸುತ್ತೇವೆ. ಮಾಡಿದವರ ಹೆಸರು ಬರೆಯುವುದಿಲ್ಲ. ಸ್ಲೀವಿನೊಳಗಿನ ಬೆಸುಗೆ ಹೇಗಿದೆ ಎಂದು ಯಾರಿಗೂ ಕಾಣದು, ಮೆಚ್ಚುವವರೂ ಇಲ್ಲ. ಆದರೆ ನಾಳೆ ಆ ಪ್ಯಾಕನ್ನು ಕೊಳ್ಳುವವನಿಗೆ, ಅವನ ಮನೆಯಲ್ಲಿ ಅದು ಚಾರ್ಜ್ ಆಗುವಾಗ ಪಕ್ಕದ ಕೋಣೆಯಲ್ಲಿ ಮಲಗಿರುವವರಿಗೆ, ನಾವು ಏನು ಮಾಡಿದ್ದೇವೆಂದು ತಿಳಿಯುವ ಹಕ್ಕಿದೆ.