ಓಡುವವರ ಉಪಾದಾನ, ನೋಡುವವರ ನಿಮಿತ್ತ

ಹತ್ತು ಸಾವಿರ ಮೀಟರ್ ಎಂದರೆ ಟ್ರ್ಯಾಕಿನಲ್ಲಿ ಇಪ್ಪತ್ತೈದು ಸುತ್ತು. 2025ರ ಮಾರ್ಚ್ ಕೊನೆಗೆ ಅಮೆರಿಕದ ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊದಲ್ಲಿ ಉತ್ತರ ಪ್ರದೇಶದ ಗುಲ್ವೀರ್ ಸಿಂಗ್ ಇದನ್ನು 27 ನಿಮಿಷ 0.22 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅಲ್ಲಿಯವರೆಗೆ ಭಾರತದವರು ಯಾರೂ ಅಷ್ಟು ಬೇಗ ಓಡಿರಲಿಲ್ಲ. ಆದರೆ ಆ ವರ್ಷದ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ನೇರ ಅರ್ಹತೆಯ ಗಡಿ 27:00.00. ಹಿಂದಿನ ವರ್ಷದ ಪ್ಯಾರಿಸ್ ಒಲಿಂಪಿಕ್ಸ್‌ಗೂ ಅದೇ ಗಡಿ ಇತ್ತು. ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ: ಆ ವೇಗದಲ್ಲಿ 0.22 ಸೆಕೆಂಡ್ ಅಂದರೆ ಒಂದೂವರೆ ಮೀಟರಿಗೂ ಕಡಿಮೆ. ಹತ್ತು ಸಾವಿರದಲ್ಲಿ ಒಂದೂವರೆ ಮೀಟರು! ಅಷ್ಟರಿಂದ ಒಬ್ಬ ಮನುಷ್ಯ ಅರ್ಹನಲ್ಲ ಎನಿಸಿಕೊಳ್ಳುವುದಾದರೆ ಅರ್ಹತೆ ಎಂಬುದು ಇರುವುದಾದರೂ ಎಲ್ಲಿ? ಅವನ ಕಾಲಿನಲ್ಲೋ, ಅಂದಿನ ಗಾಳಿಯಲ್ಲೋ, ಗಡಿಯಾರದಲ್ಲೋ?

ಇದು ಕ್ರೀಡಾ ಪುಟದ ಪ್ರಶ್ನೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನಾನು ರಾಯಬಾಗ, ಅಥಣಿ ಕಡೆಯ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದವನು. ಈಗ ಸದಲಗಾದಲ್ಲಿದ್ದೇನೆ, ರಾತ್ರಿ ಬಸದಿಯ ಸ್ವಾಧ್ಯಾಯಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂಡುತ್ತೇನೆ. ಈ ಸುದ್ದಿಯನ್ನು ಅಲ್ಲಿ ಎತ್ತಿದಾಗ ನಾವೆಲ್ಲ ದಾದಾ ಎಂದು ಕರೆಯುವ ಹಿರಿಯರು ಕನ್ನಡಕ ತೆಗೆದು ಒರೆಸುತ್ತ ಅಂದರು: “ಸರ, ಅವನ ಉಪಾದಾನ ಆ ಹೊತ್ತಿಗೆ ಅಷ್ಟ ಇತ್ತು. ಗಾಳಿಗ್ಯಾಕ, ಗಡಿಯಾರಕ್ಯಾಕ ದೋಷ ಕೊಡ್ತೀರಿ?”

ಜೈನರಲ್ಲದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ಕಾರ್ಯಕ್ಕೂ ಎರಡು ಕಾರಣ ಎನ್ನುತ್ತದೆ ನಮ್ಮ ಶಾಸ್ತ್ರ. ವಸ್ತುವಿನ ಒಳಗಿನ ಸ್ವಂತ ಶಕ್ತಿ ಉಪಾದಾನ. ಹೊರಗಿನಿಂದ ಒದಗುವ ಸಂದರ್ಭ, ನೆರವು, ಮನುಷ್ಯರು ಎಲ್ಲ ನಿಮಿತ್ತ. ಎರಡರಲ್ಲಿ ಯಾವುದು ದೊಡ್ಡದು ಎಂಬ ಜಗಳ ಹಳೆಯದು. ಭೈಯಾ ಭಗವತೀದಾಸರು ಉಪಾದಾನ-ನಿಮಿತ್ತಗಳನ್ನೇ ಎರಡು ಪಾತ್ರ ಮಾಡಿ, ಎದುರುಬದುರು ನಿಲ್ಲಿಸಿ ವಾದಕ್ಕೆ ಬಿಟ್ಟಿದ್ದಾರೆ. ಕೊನೆಗೆ ಸೋಲುವುದು ನಿಮಿತ್ತ. ಕಳೆದ ಶತಮಾನದಲ್ಲಿ ಸೋನಗಢದ ಕಾನಜೀ ಸ್ವಾಮಿಯವರು ಇದಕ್ಕೆ ಇನ್ನಷ್ಟು ಬಲ ಕೊಟ್ಟರು: ಒಂದು ದ್ರವ್ಯ ಇನ್ನೊಂದು ದ್ರವ್ಯಕ್ಕೆ ಏನನ್ನೂ ಮಾಡಲಾರದು, ಉಪಾದಾನ ಸಿದ್ಧವಾದಾಗ ನಿಮಿತ್ತ ತಾನಾಗಿಯೇ ಹಾಜರಿರುತ್ತದೆ. ಎಲ್ಲ ಪಂಡಿತರೂ ಇದನ್ನು ಒಪ್ಪಲಿಲ್ಲ. 1963ರಲ್ಲಿ ಜೈಪುರದಲ್ಲಿ ಎರಡು ಪಕ್ಷವಾಗಿ ಕೂತು ಬರವಣಿಗೆಯಲ್ಲೇ ವಾದ ಮಾಡಿದರು. ನಮ್ಮ ದಾದಾ ಪೂರ್ತಿ ಉಪಾದಾನದ ಪಕ್ಷ.

ಈ ಪಕ್ಷದಲ್ಲಿ ಒಂದು ಸೂಕ್ಷ್ಮವಿದೆ. ಅದು ನನ್ನಂಥ ಮೈದಾನದವನಿಗೆ ಚೆನ್ನಾಗಿ ಹಿಡಿಸುತ್ತದೆ. ಅವರು ಉಪಾದಾನವನ್ನೇ ಎರಡಾಗಿ ನೋಡುತ್ತಾರೆ: ಯಾವಾಗಲೂ ಇರುವ ತ್ರಿಕಾಲೀ ಉಪಾದಾನ, ಆ ಕ್ಷಣದ ಯೋಗ್ಯತೆಯಾದ ಕ್ಷಣಿಕ ಉಪಾದಾನ. ಕ್ರೀಡೆಯವರು ಫಾರ್ಮ್ ಅನ್ನುವುದು ಈ ಎರಡನೆಯದನ್ನೇ. ಓಟಗಾರನ ಶಕ್ತಿ ವರ್ಷಗಟ್ಟಲೆ ಬೆಳೆದದ್ದು, ಆದರೆ ಅದರ ತುತ್ತತುದಿ ನಿಲ್ಲುವುದು ಎರಡು ಮೂರು ವಾರ. ಕೋಚ್ ಅದನ್ನು ಒಲಿಂಪಿಕ್ಸ್ ದಿನಕ್ಕೆ ಸರಿಯಾಗಿ ತಂದು ನಿಲ್ಲಿಸಲು ಹೆಣಗುತ್ತಾನೆ. ಆದರೆ ಅರ್ಹತೆಯ ಗಡಿ ದಾಟಲು ತಿಂಗಳುಗಳ ಮುಂಚೆಯೇ ಒಮ್ಮೆ ತುದಿ ಮುಟ್ಟಬೇಕಾಗುತ್ತದೆ. ಅಲ್ಲಿ ಖರ್ಚಾದದ್ದು ಇಲ್ಲಿ ಸಿಗುವುದಿಲ್ಲ. ಅರ್ಹತಾ ಕೂಟದಲ್ಲಿ ದಾಖಲೆ ಮಾಡಿ ಒಲಿಂಪಿಕ್ಸ್‌ನ ಹೀಟ್ಸ್‌ನಲ್ಲೇ ಹೊರಬಿದ್ದವರನ್ನು ನಾವು ಎಷ್ಟು ಸಲ ಬೈದಿಲ್ಲ! ಆತ್ಮ ಏರುವ ಹದಿನಾಲ್ಕು ಮೆಟ್ಟಿಲುಗಳ, ಅಂದರೆ ಗುಣಸ್ಥಾನಗಳ, ಲೆಕ್ಕ ಗೊತ್ತಿದ್ದವರು ಹಾಗೆ ಬೈಯಬಾರದು. ಹನ್ನೊಂದನೆಯ ಮೆಟ್ಟಿಲು ಉಪಶಾಂತಮೋಹ. ಕ್ರೋಧ, ಲೋಭದಂಥ ಕಷಾಯಗಳನ್ನು ಸುಟ್ಟಲ್ಲ, ಅದುಮಿ ಹತ್ತಿದವನು ಅಲ್ಲಿಗೆ ಮುಟ್ಟುತ್ತಾನೆ. ಮುಟ್ಟಿದವನು ಅಂತರ್ಮುಹೂರ್ತದೊಳಗೆ, ಅಂದರೆ 48 ನಿಮಿಷವೂ ಆಗುವ ಮೊದಲೇ, ಕೆಳಗಿಳಿಯಲೇಬೇಕು. ಅಷ್ಟು ಎತ್ತರ ಏರಿದ ಮುನಿಗೂ ಇದು ತಪ್ಪಿದ್ದಲ್ಲ. ಅವನನ್ನು ಶಾಸ್ತ್ರ ಸೋಮಾರಿ ಎನ್ನುವುದಿಲ್ಲ.

ದಾದಾರ ಬತ್ತಳಿಕೆಯಲ್ಲಿ ಒಳ್ಳೆಯ ಬಾಣಗಳಿವೆ. ಧಾರವಾಡ ಕಡೆಯ ಪಶುಪತಿಹಾಳದ ಜೆ.ಜೆ. ಶೋಭಾ ಅವರ ಕಥೆ ಅವರಿಗೆ ಬಾಯಿಪಾಠ. 2003ರ ಹೈದರಾಬಾದ್ ಆಫ್ರೋ-ಏಷ್ಯನ್ ಕ್ರೀಡಾಕೂಟದ ಹೆಪ್ಟಾಥ್ಲಾನ್, ಏಳು ಸ್ಪರ್ಧೆಗಳ ಎರಡು ದಿನ. ಜಾವೆಲಿನ್ ಎಸೆಯುವಾಗ ಕಾಲಿನ ಕೀಲು ತಿರುಗಿ, ಶೋಭಾರನ್ನು ಸ್ಟ್ರೆಚರಿನ ಮೇಲೆ ಹೊತ್ತು ಒಯ್ದರು. ಕೊನೆಯ 800 ಮೀಟರಿಗೆ ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದು ನಿಂತರು, ಓಡಿದರು, ಚಿನ್ನ ಗೆದ್ದರು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ಗೂ ಹೋದರು. “ಹೊರಗಿಂದೆಲ್ಲ ಕೈ ಕೊಟ್ಟಿತ್ತಲ್ರಿ,” ಅನ್ನುತ್ತಾರೆ ದಾದಾ, “ಮತ್ತ ಓಡಿಸಿದ್ದು ಯಾವುದು?” ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಬೇಕಾಗಿಯೂ ಇಲ್ಲ. ಅದು ನಿಜವೇ.

ಆದರೂ ನನ್ನ ಗದ್ದೆಯ ಕಬ್ಬು ಈ ಸಿದ್ಧಾಂತವನ್ನು ಪೂರ್ತಿ ಒಪ್ಪುವುದಿಲ್ಲ. ಆಡಸಾಲಿ ಕಬ್ಬು ಹದಿನೆಂಟು ತಿಂಗಳಿಗೆ ಸಿಹಿ ತುಂಬಿ ನಿಲ್ಲುತ್ತದೆ. ಆಮೇಲೆ ಕಾರ್ಖಾನೆಯ ಯಾದಿಯಲ್ಲಿ ನಮ್ಮ ಸರತಿ ಬರಬೇಕು, ಕಡಿಯುವ ಗ್ಯಾಂಗ್ ಬರಬೇಕು, ಟ್ರ್ಯಾಕ್ಟರ್ ಬರಬೇಕು. ಸರತಿ ತಡವಾದರೆ ಕಬ್ಬಿಗೆ ತುರಾ, ಅಂದರೆ ಹೂ, ಬಂದು, ಒಳಗೆ ಬೆಂಡಾಗಿ, ತೂಕ ಇಳಿಯುತ್ತದೆ. ಕಬ್ಬು ಸಿದ್ಧವಾಗಿತ್ತು, ನಿಮಿತ್ತ ಹಾಜರಾಗಲಿಲ್ಲ. ಇದನ್ನು ಹೇಳಿದರೆ ದಾದಾ ನಗುತ್ತಾರೆ: ಒಣಗುವುದೂ ಆ ಕಬ್ಬಿನ ಆ ಹೊತ್ತಿನ ಯೋಗ್ಯತೆಯೇ ಅಂತೆ. ಸಿದ್ಧಾಂತಕ್ಕೆ ಹೀಗೆ ಯಾವ ಕಡೆಯಿಂದಲೂ ಸೋಲಿಲ್ಲ ಎಂಬುದೇ ನನಗೆ ಅದರ ಮೇಲಿರುವ ಮುಖ್ಯ ಅನುಮಾನ.

ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ವಿಷಯ ನೋಡಿ. ಹೆಸರು ಕೇಳಿದರೆ ನಮ್ಮ ಓಣಿಯವರೇ ಅನ್ನಿಸುತ್ತದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಓಟದ ಪಂದ್ಯ ನಡೆದಾಗ ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅಲ್ಲಿದ್ದರು. ಹತ್ತು ವರ್ಷದ ಮೇಲೆ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಟಾಟಾ ಅದನ್ನು ನೆನೆದಿದ್ದಾರೆ: ಓಡಿದವರು ಹೆಚ್ಚಾಗಿ ರೈತಾಪಿ ಜನ, ಬರಿಗಾಲು, ತರಬೇತಿ ಇಲ್ಲ, ಆದರೂ ಅವರ ವೇಳೆ ಯುರೋಪಿನವರ ವೇಳೆಗೆ ಹೋಲಿಸುವಂತಿತ್ತು. ಗಡಿಯಾರ ನೋಡಿ ಅದರ ಅರ್ಥ ತಿಳಿಯಬಲ್ಲ ಒಬ್ಬ ಮನುಷ್ಯ ಅಂದು ಅಲ್ಲಿದ್ದ, ಅಷ್ಟೇ. ಮರುವರ್ಷ ಆಯ್ಕೆಯ ಓಟ ನಡೆಯಿತು, ಹಣ ಕೂಡಿತು, ಆರು ಜನ ಹಡಗು ಹತ್ತಿದರು. ನಾಲ್ವರು ಓಟಗಾರರು, ಇಬ್ಬರು ಪೈಲವಾನರು. ಓಟಗಾರರಲ್ಲಿ ಚೌಗುಲೆಯವರ ಜೊತೆ ಹುಬ್ಬಳ್ಳಿಯ ಕೈಕಾಡಿ, ಸಾತಾರೆಯ ದಾತಾರ, ಬಂಗಾಳದ ಪೂರ್ಮಾ ಬ್ಯಾನರ್ಜಿ. ಆಗ ಇಂತಿಷ್ಟು ಸೆಕೆಂಡು ಎಂಬ ಅರ್ಹತೆಯ ಗಡಿಯೇ ಇರಲಿಲ್ಲ. 1920ರ ಆಗಸ್ಟ್ 22ರಂದು ಆಂಟ್ವರ್ಪ್‌ನಲ್ಲಿ ಮ್ಯಾರಥಾನ್. ದೂರ ಈಗಿನದಕ್ಕಿಂತ ಹೆಚ್ಚು, 42.75 ಕಿಲೋಮೀಟರ್. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ ಚಿಲ್ಲರೆಗೆ ಗೆದ್ದರು. ಚೌಗುಲೆಯವರು 2 ಗಂಟೆ 50 ನಿಮಿಷ ಚಿಲ್ಲರೆಗೆ ಮುಗಿಸಿ ಹತ್ತೊಂಬತ್ತನೆಯವರಾದರು.

ಆಗ ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿತ್ತು, ನಮಗೆ ಪುಣೆಯೇ ದೊಡ್ಡ ಊರು. ಬೆಳಗಾವಿಯಿಂದ ಪುಣೆಗೆ ಹೋಗುವ ರೈಲು ರಾಯಬಾಗ, ಕುಡಚಿ, ಉಗಾರ, ಶೇಡಬಾಳ ದಾಟಿಯೇ ಮೀರಜಕ್ಕೆ ಮುಟ್ಟುತ್ತದೆ. ಆ ಸ್ಟೇಶನ್ನುಗಳ ಆಚೆ ಈಚೆಯ ಹೊಲಗಳಲ್ಲಿ, ನಿಪ್ಪಾಣಿಯ ತಂಬಾಕಿನ ಪಡಕಗಳಲ್ಲಿ, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಕೇರಿಗಳಲ್ಲಿ ಫಡೆಪ್ಪನಷ್ಟು ಓಡಬಲ್ಲವರು ಇನ್ನೊಬ್ಬರೂ ಇರಲಿಲ್ಲವೇ? ಬೇರೆಯವರ ಕಾಲಿಗೆ ಚಂದದ ಚಪ್ಪಲಿ ಹೊಲಿದು ತಾನು ಬರಿಗಾಲಲ್ಲಿ ಸಂತೆಗೆ ನಡೆದವನ ಉಪಾದಾನವನ್ನು ಅಳೆದವರು ಯಾರು? ಪುಣೆಯ ಟಿಕೇಟಿನ ದುಡ್ಡಿಲ್ಲದವನ ಆತ್ಮ ಇನ್ನೂ ಮಾಗಿರಲಿಲ್ಲ ಎಂದು ನಾನು ಹೇಳಲಾರೆ.

ಈಗಿನ ವ್ಯವಸ್ಥೆ ಇದನ್ನು ಇನ್ನೂ ಸ್ಪಷ್ಟ ಮಾಡಿದೆ. ಪ್ಯಾರಿಸ್‌ಗೆ ನೇರ ಗಡಿಗಳನ್ನು ಬೇಕೆಂತಲೇ ಬಿಗಿ ಮಾಡಿ, ಸುಮಾರು ಅರ್ಧ ಜನ ಗಡಿ ದಾಟಿ, ಉಳಿದ ಅರ್ಧ ವಿಶ್ವ ರ್‍ಯಾಂಕಿಂಗ್ ಮೂಲಕ ಬರಲಿ ಎಂದಿಟ್ಟರು. ಪುರುಷರ ಮ್ಯಾರಥಾನ್ ಗಡಿ 2:08:10. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರದಲ್ಲಿ ಓಡಿದ 2:12:00 ನಾಲ್ಕು ದಶಕಕ್ಕೂ ಮೀರಿ ನಮ್ಮ ರಾಷ್ಟ್ರೀಯ ದಾಖಲೆಯಾಗಿ ಉಳಿದಿತ್ತು ಎಂದರೆ ಈ ಗಡಿ ಎಷ್ಟು ದೂರ ನೋಡಿ. ರ್‍ಯಾಂಕಿಂಗ್‌ನಲ್ಲಿ ವೇಳೆಗೆ ಅಂಕವಿದೆ, ಯಾವ ದರ್ಜೆಯ ಕೂಟದಲ್ಲಿ ಎಷ್ಟನೆಯವನಾದೆ ಎಂಬುದಕ್ಕೂ ಅಂಕವಿದೆ. ದೊಡ್ಡ ಕೂಟಕ್ಕೆ ಹೋಗಲು ವೀಸಾ, ವಿಮಾನ, ಕರೆಸಿಕೊಳ್ಳುವವರು ಬೇಕು. ಅಂದರೆ ನಿಮಿತ್ತವನ್ನೇ ಅಂಕವಾಗಿ ಬರೆದು ಕೂಡಿಸುತ್ತಿದ್ದಾರೆ.

ನನ್ನ ಜೊತೆ ಕೆಲಸ ಮಾಡಿದ ಅಥಣಿಯ ಮಾಸ್ತರರೊಬ್ಬರು ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ಭಕ್ತರು. ಅವರಿಗೆ ಈ ಇಡೀ ಜಗಳವೇ ವ್ಯರ್ಥ. ಓಟ ಕಾಯಕ, ಬಂದ ವೇಳೆ ಪ್ರಸಾದ, ಮುಗಿಯಿತು ಅನ್ನುತ್ತಾರೆ. ಓಡುವವರಿಗೆ ಇದಕ್ಕಿಂತ ಹಗುರಾದ ಮನಸ್ಸು ಬೇರೆ ಇಲ್ಲ. ಆದರೆ ಪ್ರಸಾದ ಹಂಚುವ ಕೈ ಮನುಷ್ಯರದಾದಾಗ ಅದು ಎಲ್ಲರ ಸಾಲಿಗೂ ಬಂತೇ ಎಂದು ಕೇಳುವವನೊಬ್ಬ ಬೇಕು.

ದಾದಾರಿಗೆ ನಾನು ಒಡ್ಡಿದ ದೊಡ್ಡ ಸವಾಲು ನಮ್ಮೂರಿನದೇ. ಜೈನ ಮುನಿ ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಇದೇ ಸದಲಗಾದಲ್ಲಿ ವಿದ್ಯಾಧರನಾಗಿ ಹುಟ್ಟಿದವರು. ಅಂಥವರ ಉಪಾದಾನದ ಬಗ್ಗೆ ಯಾರೂ ಅನುಮಾನ ಪಡುವುದಿಲ್ಲ. ಸಿದ್ಧವಾದವನ ಬಳಿಗೆ ನಿಮಿತ್ತ ತಾನೇ ಬರುವುದಾದರೆ ಆ ಹುಡುಗ ಮನೆಯಲ್ಲೇ ಕೂತಿರಬಹುದಿತ್ತಲ್ಲ? ಗುರುವನ್ನು ಹುಡುಕಿಕೊಂಡು ರಾಜಸ್ಥಾನದವರೆಗೆ ಹೋದರು. ಜೈಪುರದಲ್ಲಿ ಬ್ರಹ್ಮಚರ್ಯ ವ್ರತ ಕೊಟ್ಟ ಆಚಾರ್ಯ ದೇಶಭೂಷಣರು ನಮ್ಮ ಚಿಕ್ಕೋಡಿ ತಾಲೂಕಿನ ಕೋಥಳಿಯವರೇ ಎಂಬುದು ಒಂದು ತಮಾಷೆ: ನೆರೆಯೂರಿನವರನ್ನು ಕಾಣಲು ಅಷ್ಟು ದೂರ ಹೋಗಬೇಕಾಯಿತು. ಮುಂದೆ 1968ರಲ್ಲಿ ಅಜ್ಮೇರದಲ್ಲಿ ಜ್ಞಾನಸಾಗರರು ದೀಕ್ಷೆ ಕೊಟ್ಟರು. ದಾದಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಕ್ಕೋತ ಹೋದದ್ದೂ ಅವರ ಉಪಾದಾನನ ಅಲ್ಲೇನ್ರಿ?” ಅಂದರು. ಒಳ್ಳೆಯ ಉತ್ತರ. ಹುಡುಕಿಕೊಂಡು ಹೋಗಬಲ್ಲವರ ಮಟ್ಟಿಗೆ ಸರಿಯಾದ ಉತ್ತರ.

ರಾಯಬಾಗ ತಾಲೂಕಿನ ಹಳ್ಳಿಯೊಂದರಲ್ಲಿ ನನ್ನ ಕೈಯಲ್ಲಿ ಒಬ್ಬ ಹುಡುಗಿ ಓಡುತ್ತಿದ್ದಳು. ತಾಲೂಕು, ಜಿಲ್ಲೆ, ವಿಭಾಗ ಎಲ್ಲ ಗೆದ್ದಳು. ಮಗಳು ಗೆಲ್ಲಲಿ ಎಂದು ತಾಯಿ ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತಿದ್ದಳು. ರಾಜ್ಯಮಟ್ಟಕ್ಕೆ ಕರೆದೊಯ್ಯಲು ಜೊತೆಗೆ ಹೆಂಗಸರು ಯಾರೂ ಸಿಗಲಿಲ್ಲ, ಮನೆಯವರು ಕಳಿಸಲಿಲ್ಲ. ಮರುವರ್ಷ ಮದುವೆ. ಊರಲ್ಲಿ ತಿಳಿದವರೇ, “ಅದಕ್ಕೂ ಪಡಕೊಂಡು ಬಂದಿರಬೇಕ್ರಿ” ಅಂದರು.

ನನ್ನ ತಕರಾರು ಇರುವುದು ಇಲ್ಲಿ. ಉಪಾದಾನದ ಮಾತು ನಾನು ನನಗೆ ಹೇಳಿಕೊಂಡಾಗ ಔಷಧ. ಗುಲ್ವೀರ್ ಸಿಂಗ್ ಆ ಒಂದೂವರೆ ಮೀಟರನ್ನು ಗಾಳಿಯ ಮೇಲೆ ಹಾಕದೆ ತನ್ನೊಳಗೇ ಹುಡುಕಿದರೆ ಅದು ಸಾಧನೆ. ಆ ಹುಡುಗಿಯನ್ನು ‘ನಾನು ತಯಾರು ಮಾಡಿದೆ’ ಎಂದು ಎದೆ ಉಬ್ಬಿಸುವ ಪಿ.ಟಿ. ಮಾಸ್ತರನಿಗೂ ಅದು ಬೇಕಾದ ಔಷಧವೇ: ನೀನು ಯಾರನ್ನೂ ಓಡಿಸಲಿಲ್ಲ, ಓಡಿದ್ದು ಅವಳ ಕಾಲು. ಆದರೆ ಅದೇ ಮಾತನ್ನು ಇನ್ನೊಬ್ಬರ ಮೇಲೆ ಆಡಿದ ಕೂಡಲೇ ಅದು ತತ್ತ್ವವಾಗಿ ಉಳಿಯುವುದಿಲ್ಲ, ಕೈ ತೊಳೆದುಕೊಳ್ಳುವ ನೀರಾಗುತ್ತದೆ. ಬಸ್ ಚಾರ್ಜು ಕೊಡದವರು, ಜೊತೆಗೆ ಹೋಗದವರು, ಮದುವೆ ಮಾಡಿದವರು ಎಲ್ಲರ ಪಾಲೂ ಆ ಹುಡುಗಿಯ ಆತ್ಮದ ಖಾತೆಗೆ ಬರೆಯಲ್ಪಡುತ್ತದೆ. ನನ್ನ ಸೋಲಿಗೆ ನಿಮಿತ್ತವನ್ನು ದೂರುವ ಹಕ್ಕು ನನಗಿಲ್ಲದಿರಬಹುದು. ಇನ್ನೊಬ್ಬಳಿಗೆ ನಿಮಿತ್ತವಾಗದೆ ಉಳಿದದ್ದಕ್ಕೆ ಉತ್ತರ ಕೊಡುವ ಹೊಣೆ ಮಾತ್ರ ನನ್ನದು, ಯಾಕೆಂದರೆ ಹೋಗದೆ ಉಳಿದದ್ದು ನನ್ನ ಕ್ರಿಯೆ, ಅವಳದಲ್ಲ. ಒಂದು ದ್ರವ್ಯ ಇನ್ನೊಂದಕ್ಕೆ ಏನೂ ಮಾಡಲಾರದು ಎಂಬುದನ್ನು ಪೂರ್ತಿ ಒಪ್ಪಿದರೂ ಈ ಲೆಕ್ಕ ತಪ್ಪುವುದಿಲ್ಲ.

ಇದನ್ನು ಸ್ವಾಧ್ಯಾಯದಲ್ಲಿ ಹೇಳಿದೆ. ದಾದಾ ಒಪ್ಪಲಿಲ್ಲ. ಶಾಸ್ತ್ರದಲ್ಲಿ ನನಗೂ ಅವಳಿಗೂ ಬೇರೆ ಬೇರೆ ನಿಯಮ ಎಲ್ಲಿದೆ ತೋರಿಸಿ ಅಂದರು. ನಾನಿನ್ನೂ ಹುಡುಕುತ್ತಿದ್ದೇನೆ.

ನಮ್ಮ ಕಡೆ ಓಡುವ ಹುಡುಗರಲ್ಲಿ ಹೆಚ್ಚಿನವರ ಒಲಿಂಪಿಕ್ಸ್ ಸೈನ್ಯ ಇಲ್ಲವೇ ಪೊಲೀಸ್ ಭರ್ತಿ. ಚಿಕ್ಕೋಡಿ ರಸ್ತೆಯ ಮೇಲೆ, ಕಾಗವಾಡದ ಕಡೆ, ನಸುಕಿನಲ್ಲಿ ಅವರದೇ ಓಡಾಟ. ಕಾನ್‌ಸ್ಟೇಬಲ್ ಆಗಬೇಕಾದರೆ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ದಾದಾರ ಮೊಮ್ಮಗನೂ ಅರ್ಜಿ ಹಾಕಿದ್ದಾನೆ. ಕಳೆದ ವಾರ ದಾದಾ ಮನೆಗೆ ಬಂದು, ಚಹಾ ಕುಡಿದು, “ಸರ, ಮುಂಜಾನೆ ಒಂದೀಟು ವಾಚ್ ಹಿಡಕೊಂಡು ನಿಂದರ್ತೀರೇನು?” ಅಂದರು.

“ಉಪಾದಾನ ಇದ್ರ ನಿಮಿತ್ತ ತಾನ ಬರತೈತಿ ಅಂದಿದ್ರಲ್ರಿ, ದಾದಾ?”

“ಬಂತಲ್ಲ,” ಅಂದರು, “ಚಹಾ ಕುಡಕೋತ ಕುಂತೈತಿ.”

ಹೋಗುತ್ತಿದ್ದೇನೆ. ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡ್ ಮೀರಬಾರದು. ಹುಡುಗ ಮೊದಲನೆಯದನ್ನು 80ರೊಳಗೆ ಮುಗಿಸಿ ಮೂರನೆಯದರಲ್ಲಿ ಕುಸಿಯುತ್ತಾನೆ. ಸದ್ಯಕ್ಕೆ ಅವನಿಗೆ ನಿಧಾನ ಓಡುವುದನ್ನು ಕಲಿಸುತ್ತಿದ್ದೇನೆ.